ಕೆಂಪು ಅಂದ್ರೆ ಕೆಂಪು!

ಹಗಲೆಲ್ಲ ಪ್ಲಾಸ್ಟಿಕ್ ಕುರ್ಚಿ ಎಣಿಸುವವನಿಗೆ ಸಂಜೆ ಮನೆಗೆ ಬಂದಾಗ ಪ್ಲಾಸ್ಟಿಕ್ ಅಲ್ಲದ ಒಂದು ಕುರ್ಚಿ ಬೇಕೆನ್ನಿಸುವುದು ಮಹಾಪರಾಧವೇ? ನೀವೇ ಹೇಳಿ. ನಾನು ಪ್ಲಾಸ್ಟಿಕ್ ಕುರ್ಚಿ ತಯಾರಿಸುವ ಕಂಪನಿಯೊಂದರ ದಾಸ್ತಾನು ವಿಭಾಗದಲ್ಲಿದ್ದೇನೆ. ಕೆಂಪು ಎಷ್ಟು, ನೀಲಿ ಎಷ್ಟು, ಕೈ ಇರುವುದೆಷ್ಟು, ಕೈ ಇಲ್ಲದ್ದೆಷ್ಟು ಎಂದು ಲೆಕ್ಕ ಹಾಕುತ್ತಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಅಲ್ಲಿ ನಾನು ಕೂರುವುದೂ ಪ್ಲಾಸ್ಟಿಕ್ ಕುರ್ಚಿಯ ಮೇಲೆಯೇ (ಅದೂ ಕಾಲು ಸೊಟ್ಟಗಾಗಿ ಮಾರಾಟಕ್ಕೆ ಹೋಗದೆ ಉಳಿದದ್ದು). ಆದ್ದರಿಂದ ಮನೆಯಲ್ಲಿ ನನಗೊಂದು ಸಿಂಹಾಸನವಿದೆ. ಇತ್ತು ಎನ್ನಬೇಕು. ಆ 'ಇದೆ' ಹೇಗೆ 'ಇತ್ತು' ಆಯಿತು ಎಂಬುದೇ ನನ್ನ ಗೋಳು.

ಸಿಂಹಾಸನವೆಂದರೆ ಮರದ ಒರಗು ಕುರ್ಚಿ. ಬೆತ್ತದ ಹೆಣಿಗೆ, ಹಲಗೆಯಷ್ಟು ಅಗಲದ ಕೈಗಳು. ಒಂದು ಕೈಯ ಮೇಲೆ ಕಾಫಿ ಲೋಟ, ಇನ್ನೊಂದರ ಮೇಲೆ ಕನ್ನಡಕ. ಇಷ್ಟು ವರ್ಷಗಳಲ್ಲಿ ಬೆತ್ತ ಜೋತುಬಿದ್ದು ನನ್ನ ದೇಹದ ಅಚ್ಚನ್ನೇ ತೆಗೆದುಕೊಂಡಿತ್ತು. ಬೇರೆ ಯಾರಾದರೂ ಅಪ್ಪಿತಪ್ಪಿ ಕೂತರೆ ಅವರನ್ನು ಎಬ್ಬಿಸಲು ಇನ್ನೊಬ್ಬರು ಕೈ ಕೊಡಬೇಕಾಗುತ್ತಿತ್ತು. ನಾನು ಮಾತ್ರ ಅದರಿಂದ ಹೂವಿನ ಹಾಗೆ ಏಳುತ್ತಿದ್ದೆ. ನನ್ನ ಹೆಂಡತಿ ಅದಕ್ಕೆ ಇಟ್ಟ ಹೆಸರು 'ಅಡ್ಡಗಟ್ಟೆ'. ಹಾಲ್‌ನಲ್ಲಿ ಯಾರು ಯಾವ ಕಡೆಯಿಂದ ಯಾವ ಕಡೆಗೆ ಹೋದರೂ ಅದರ ಕಾಲು ಎಡವಿಯೇ ಹೋಗಬೇಕಿತ್ತು ಎಂಬುದು ನಿಜ. ಆದರೆ ದಾರಿಯಲ್ಲಿ ದೊಡ್ಡವರು ಕೂತಿದ್ದರೆ ಸುತ್ತಿಕೊಂಡು ಹೋಗುವುದು ಸಭ್ಯತೆಯಲ್ಲವೇ?

ಹೀಗಿರುವಾಗ ಮನೆಯ ಮಾಲೀಕರು ತಮ್ಮ ಮನೆ ತಮಗೇ ಬೇಕೆಂದರು. ನಾವು ಹುಡುಕಿದ ಹೊಸ ಮನೆ ಮೂರನೇ ಮಹಡಿಯದು. ಕೋಣೆಗಳು ಎಷ್ಟು ಪುಟ್ಟವೆಂದರೆ ಒಂದು ಕೋಣೆಯಲ್ಲಿ ಸೀನಿದರೆ ಇನ್ನೊಂದು ಕೋಣೆಯವರು ಮುಖ ಒರೆಸಿಕೊಳ್ಳಬೇಕು. ಇರುವ ಸಾಮಾನಿನಲ್ಲಿ ಅರ್ಧ ಹೋಗಲೇಬೇಕಿತ್ತು. ಯಾವ ಅರ್ಧ ಎಂಬ ಬಗ್ಗೆ ಮನೆಯಲ್ಲಿದ್ದ ನಾಲ್ವರಿಗೂ ಸ್ಪಷ್ಟ ಅಭಿಪ್ರಾಯವಿತ್ತು: ಉಳಿದ ಮೂವರದು.

"ನಿಮ್ಮ ಆ ಕುರ್ಚಿ ಒಂದು ಹೋದ್ರೆ ಅರ್ಧ ಹಾಲ್ ಖಾಲಿಯಾಗುತ್ತೆ," ಎಂದಳು ಹೆಂಡತಿ.

"ನಿನ್ನ ಹೊಲಿಗೆ ಮೆಷಿನ್ ಹೋದ್ರೆ ಉಳಿದ ಅರ್ಧ ಖಾಲಿಯಾಗುತ್ತೆ. ಅದರಲ್ಲಿ ನೀನು ಕೊನೇ ಸಲ ಏನು ಹೊಲಿದೆ, ಹೇಳು ನೋಡೋಣ?"

"ನಿಮ್ಮ ಪ್ಯಾಂಟು. ಸೊಂಟದ ಹತ್ತಿರ ಬಿಚ್ಚಿ ಅಗಲ ಮಾಡಿ ಕೊಟ್ಟೆ. ಆ ಕುರ್ಚೀಲಿ ಕೂತೂ ಕೂತೂ ಬಂದ ಹೊಟ್ಟೆಗೆ!"

ನಾನು ಅತ್ತೆಯ ಕಡೆ ತಿರುಗಿದೆ. ನಮ್ಮ ಅತ್ತೆ, ಎಂದರೆ ನನ್ನ ಹೆಂಡತಿಯ ತಾಯಿ, ನಮ್ಮ ಜೊತೆಗೇ ಇರುತ್ತಾರೆ. ಅವರದೊಂದು ಮರದ ಪೆಟ್ಟಿಗೆಯೂ ನಮ್ಮ ಜೊತೆಗೇ ಇರುತ್ತದೆ. ಕಾಲು ಮಡಿಸಿ ಕೂತರೆ ನಾನೂ ಅದರೊಳಗೆ ಹಿಡಿಸುತ್ತೇನೆ.

"ಅತ್ತೆ, ಆ ಪೆಟ್ಟಿಗೇಲಿ ಅಂಥದ್ದು ಏನಿದೆ?"

"ಏನೂ ಇಲ್ಲ. ನಾಳೆ ಏನಾದ್ರೂ ಇಡಬೇಕು ಅಂದ್ರೆ ಜಾಗ ಇರಲಿ ಅಂತ ಖಾಲಿ ಇಟ್ಟಿದೀನಿ."

ನಾನು ಮಗಳ ಕಡೆ ತಿರುಗಿದೆ. ಅವಳ ಡ್ರಮ್ಮಿನ ವಿಷಯ ಎತ್ತುವಷ್ಟರಲ್ಲಿ ಅವಳೇ ಡ್ರಮ್ಮು ಬಾರಿಸಲು ಶುರುಮಾಡಿದ್ದರಿಂದ ಚರ್ಚೆ ಅಲ್ಲಿಗೇ ನಿಂತಿತು.

ಒಂದೇ ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆಯಲ್ಲಿ ಸಂಪೂರ್ಣ ಒಮ್ಮತವಿತ್ತು. ಅದು ಕುದುರೆ. ಹೆಂಡತಿಯ ತಮ್ಮ ಒಂದು ಕಾಲದಲ್ಲಿ ಪ್ಲಾಸ್ಟರ್ ಗೊಂಬೆಗಳ ವ್ಯಾಪಾರ ಮಾಡಿದ್ದ. ವ್ಯಾಪಾರ ಮುಚ್ಚಿದಾಗ ಉಳಿದ ಒಂದೇ ಸರಕನ್ನು ಅಕ್ಕನಿಗೆ ಪ್ರೀತಿಯಿಂದ ಕೊಟ್ಟ. ಕರುವಿನಷ್ಟು ಎತ್ತರ, ಒಂದು ಕಿವಿ ಇಲ್ಲ, ಬಾಯಿ ತುಂಬ ಹಲ್ಲು. ಯಾರು ಬೈಸಿಕೊಂಡರೂ ಅದು ಆ ಹಲ್ಲನ್ನೆಲ್ಲ ಬಿಟ್ಟು ನಗುತ್ತಿತ್ತು. ಬೈಸಿಕೊಳ್ಳುವವನು ಸಾಮಾನ್ಯವಾಗಿ ನಾನೇ ಆದ್ದರಿಂದ ಅದರ ಮೇಲೆ ನನಗೆ ವೈಯಕ್ತಿಕ ದ್ವೇಷವಿತ್ತು. ಸ್ವತಃ ಅತ್ತೆಯೇ, "ಹೆತ್ತ ತಾಯಿ ನಾನೇ ಹೇಳ್ತಿದೀನಿ, ಅದನ್ನ ನೋಡಿದ್ರೆ ನಂಗೆ ಊಟ ಸೇರಲ್ಲ," ಎನ್ನುತ್ತಿದ್ದರು.

ಆ ವಾರವೇ ಆಫೀಸಿನಲ್ಲಿ ನಮಗೆಲ್ಲ ಸ್ಪ್ರೆಡ್‌ಶೀಟ್ ತರಬೇತಿ ಏರ್ಪಾಟಾಯಿತು. ಹೇಳಿಕೊಡಲು ಬಂದವರು ನನ್ನ ಮಗಳ ವಯಸ್ಸಿನ ಒಬ್ಬ ಮೇಡಂ. ಅವರು ಪರದೆಯ ಮೇಲೆ ಕುರ್ಚಿಗಳ ದಾಸ್ತಾನು ಪಟ್ಟಿ ತೆರೆದು, ಎಲ್ಲಿಯೋ ಒಂದು ಕಡೆ ಫಾರ್ಮುಲಾ ಬರೆದು, ಒಂದು ಗುಂಡಿ ಒತ್ತಿದರು. ಯಾವ ಯಾವ ಕುರ್ಚಿ ಮುಗಿಯುತ್ತ ಬಂದಿದೆಯೋ ಆ ಸಾಲುಗಳೆಲ್ಲ ಪಟಪಟ ಕೆಂಪಾದವು!

"ಇದಕ್ಕೆ ಕಂಡೀಷನಲ್ ಫಾರ್ಮ್ಯಾಟಿಂಗ್ ಅಂತಾರೆ," ಎಂದರು ಮೇಡಂ. "ನೀವು ಷರತ್ತು ಹೇಳಿ. ಯಾವ ಸಾಲಿನಲ್ಲಿ ಅದು ನಿಜವಾಗುತ್ತೋ ಆ ಸಾಲು ತಾನಾಗೇ ಬಣ್ಣ ತಿರುಗುತ್ತೆ. ಫಾರ್ಮುಲಾದಲ್ಲಿ ಡಾಲರ್ ಗುರುತು ಅಂದ್ರೆ ಮೊಳೆ ಇದ್ದ ಹಾಗೆ. ಹೊಡೆದ ಕಡೆ ಅಲುಗಾಡಲ್ಲ."

ನನ್ನ ಮೈಯೆಲ್ಲ ಜುಮ್ಮೆಂದಿತು. ಕೂಗಾಟವಿಲ್ಲ, ಡ್ರಮ್ಮಿಲ್ಲ, 'ನಿಮ್ಮ ಹೊಟ್ಟೆ' ಎಂಬ ಮಾತಿಲ್ಲ. ಷರತ್ತು ಹೇಳುವುದು, ಬಣ್ಣ ಬರುವುದು. ನಮ್ಮ ಮನೆಗೆ ಬೇಕಾದದ್ದು ಇದೇ! ಅಷ್ಟರಲ್ಲಿ ಮೇಡಂ, "ಈಗ ಎಲ್ಲರೂ ಇಲ್ಲಿ ಗಮನ ಕೊಡಿ, ಎಲ್ಲರೂ ತಪ್ಪು ಮಾಡೋದು ಇದೊಂದು ಜಾಗದಲ್ಲೇ," ಎಂದರು. ನಾನು ಗಮನ ಕೊಡಲಿಲ್ಲ. ನಾನಾಗ ಮೇಜಿನ ಕೆಳಗೆ ಮೊಬೈಲ್ ಹಿಡಿದು ಹೆಂಡತಿಗೆ 'ಅದ್ಭುತವಾದ ಐಡಿಯಾ ಬಂದಿದೆ' ಎಂದು ಸಂದೇಶ ಕಳಿಸುತ್ತಿದ್ದೆ. 'ಅದರ ಜೊತೆ ಈರುಳ್ಳೀನೂ ಬರಲಿ' ಎಂದು ಆಕೆ ಉತ್ತರಿಸಿದಳು.

ಸಂಜೆ ಈರುಳ್ಳಿಯ ಚೀಲವನ್ನು ಕೈಯಲ್ಲಿ ಹಿಡಿದೇ ನಾನು ಮನೆಯಲ್ಲಿ ಪ್ರಜಾಪ್ರಭುತ್ವವನ್ನು ಘೋಷಿಸಿದೆ. ಮನೆಯ ಸಾಮಾನೆಲ್ಲ ಕೋಣೆವಾರು ಒಂದೇ ಪಟ್ಟಿಯಲ್ಲಿ ಬರುವುದು. ಪ್ರತಿ ಸಾಮಾನಿನ ಎದುರು ನಾಲ್ಕು ಕಾಲಮ್ಮು, ನಾಲ್ವರಿಗೆ. 'ಬೇಕು' ಅಥವಾ 'ಬೇಡ'. ಮೂರು ಅಥವಾ ನಾಲ್ಕು 'ಬೇಡ' ಬಿದ್ದ ಸಾಲು ತಾನಾಗಿಯೇ ಕೆಂಪಾಗುವುದು. ಕೆಂಪಾದದ್ದು ಹೊಸ ಮನೆಗೆ ಬರುವುದಿಲ್ಲ. ಮತದಾನ ಗುಪ್ತ, ಒಬ್ಬೊಬ್ಬರಾಗಿ ಕೋಣೆಗೆ ಹೋಗಿ, ಲ್ಯಾಪ್‌ಟಾಪ್‌ನಲ್ಲಿ ಮತ ಹಾಕಿ, ತಮ್ಮ ಕಾಲಮ್ಮನ್ನು ಮುಚ್ಚಿ ಬರತಕ್ಕದ್ದು. ಆಮೇಲೆ ಅಳುವಂತಿಲ್ಲ, ಮೇಲ್ಮನವಿ ಇಲ್ಲ.

"ಕೆಂಪು ಅಂದ್ರೆ ಕೆಂಪು!" ಎಂದು ಈರುಳ್ಳಿ ಚೀಲವನ್ನು ಮೇಜಿನ ಮೇಲೆ ಕುಟ್ಟಿ ಹೇಳಿದೆ.

"ಅಪ್ಪ, ಒಂದ್ಸಲ ನಾನು ಫಾರ್ಮುಲಾ ನೋಡ್ತೀನಿ," ಎಂದಳು ಮಗಳು.

"ಚುನಾವಣೆ ನಡೆಸೋದು ನಾನು. ಮತದಾರರು ಮತ ಹಾಕಿದ್ರೆ ಸಾಕು."

ಎಲ್ಲರೂ ಮತ ಹಾಕಿದರು. ಅತ್ತೆಗೆ ಕೀಲಿಮಣೆ ಬರದ ಕಾರಣ ಮೊಮ್ಮಗಳನ್ನು ಜೊತೆಗೆ ಕೂರಿಸಿಕೊಂಡು ಹೇಳಿ ಬರೆಸಿದರು. ಅವರ ಗುಪ್ತ ಮತದಾನ ಪಕ್ಕದ ಮನೆಗೂ ಕೇಳಿಸುವಂತಿತ್ತು. "ಹಿಡಿ ಇಲ್ಲದ ಬಾಣಲೆಯಾ? ಬೇಡ! ಹರಿದ ಛತ್ರಿ ಕಟ್ಟು? ಬೇಡ! ಆ ಕುದುರೆ? ಎರಡು ಸಲ ಬೇಡ ಅಂತ ಹಾಕು!" ಆದರೆ ಒರಗು ಕುರ್ಚಿಯ ಸರದಿ ಬಂದಾಗ ಅವರ ದನಿ ಇದ್ದಕ್ಕಿದ್ದಂತೆ ಇಳಿದು ಪಿಸುಮಾತಾಯಿತು. ಬಾಗಿಲಿಗೆ ಕಿವಿ ಕೊಟ್ಟಿದ್ದ ನನಗೆ (ಅದು ಚುನಾವಣಾಧಿಕಾರಿಯ ಕರ್ತವ್ಯ) ಎದೆ ಧಸಕ್ಕೆಂದಿತು. ಅತ್ತೆ ಪಿಸುಗುಟ್ಟುತ್ತಾರೆಂದರೆ ಕುರ್ಚಿಯ ಕಥೆ ಮುಗಿಯಿತೆಂದೇ ಅರ್ಥ.

ಆದ್ದರಿಂದ ಪ್ರಜಾಪ್ರಭುತ್ವದ ಹಿತದೃಷ್ಟಿಯಿಂದ ನಾನೊಂದು ಸಣ್ಣ ಕೆಲಸ ಮಾಡಿದೆ. ಫಾರ್ಮುಲಾಕ್ಕೆ ಒಂದು ಬಾಲ ಅಂಟಿಸಿದೆ: ಆ ಸಾಲಿನ ಸಾಮಾನಿನ ಹೆಸರು 'ಒರಗು ಕುರ್ಚಿ' ಎಂದಿದ್ದರೆ ಮಾತ್ರ, ಎಷ್ಟೇ 'ಬೇಡ' ಬಿದ್ದಿರಲಿ, ಕೆಂಪಾಗಬಾರದು. ಮೋಸ ಎನ್ನಬೇಡಿ. ಮೀಸಲಾತಿ ಎನ್ನಿ.

ಫಾರ್ಮುಲಾ ಬರೆದು ಗುಂಡಿ ಒತ್ತಿದೆ. ಇಡೀ ಹಾಳೆ ಕೆಂಪಾಯಿತು! ಮೊಳೆ ಗಟ್ಟಿಯಾಗಿರಲಿ ಎಂದು ಸಿಕ್ಕ ಸಿಕ್ಕ ಕಡೆಯೆಲ್ಲ ಡಾಲರ್ ಹೊಡೆದಿದ್ದೆನಲ್ಲ, ಪಟ್ಟಿಯ ಮೊದಲನೆಯ ಸಾಮಾನಾದ ತುಕ್ಕು ಹಿಡಿದ ಪಂಜರದ ಹಣೆಬರಹ ಮನೆಯ ಎಲ್ಲ ಸಾಮಾನಿಗೂ ಅಂಟಿಕೊಂಡಿತ್ತು. ಬೆವರು ಒರೆಸಿಕೊಂಡು ಎಲ್ಲ ಅಳಿಸಿದೆ. ಸಾಲಿನ ಸಂಖ್ಯೆಯ ಮುಂದಿದ್ದ ಮೊಳೆಗಳನ್ನು ಕಿತ್ತು ಹೊಸದಾಗಿ ಬರೆದೆ. ಈ ಸಲ ಸಾಲಿನ ಸಂಖ್ಯೆಯನ್ನು ಒಂದರಿಂದ ಶುರುಮಾಡಿದೆ. ಎಣಿಕೆ ಒಂದರಿಂದಲೇ ಶುರುವಾಗಬೇಕು ಎಂದು ನನಗೆ ಒಂದನೇ ತರಗತಿಯಲ್ಲಿ ಕಿವಿ ಹಿಂಡಿ ಕಲಿಸಿದ್ದಾರೆ. ಈಗ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಮಾತ್ರ ಕೆಂಪಾಗಿ ನಿಂತಿತು. ಎಂಥ ಅಂದ!

ಹಾಳೆಯನ್ನು ಟಿವಿ ಪರದೆಯ ಮೇಲೆ ಹಾಕಿ ಎಲ್ಲರನ್ನೂ ಕರೆದೆ. ಹೆಂಡತಿ ಹೊಲಿಗೆ ಮೆಷಿನ್ ಎಲ್ಲಿದೆಯೆಂದು ಹುಡುಕಿ, ಅದು ಕೆಂಪಾಗಿಲ್ಲವೆಂದು ನೋಡಿ ಉಸಿರುಬಿಟ್ಟಳು. ಅತ್ತೆ ಪೆಟ್ಟಿಗೆ ನೋಡಿದರು, ಮಗಳು ಡ್ರಮ್ಮು ನೋಡಿದಳು. ನಾನು ಕುರ್ಚಿ ನೋಡಿದೆ. ಬಿಳಿ! ಹಾಲಿನಂಥ ಬಿಳಿ! ಬಾಲ ಕೆಲಸ ಮಾಡಿತ್ತು. ನಾಲ್ವರೂ ನಗುನಗುತ್ತ ಎದ್ದು ಹೋದೆವು. ಮಿಕ್ಕ ಸಾಲುಗಳನ್ನು ಒಬ್ಬರೂ ಓದಲಿಲ್ಲ. ಕುದುರೆ ಹೋಗುವುದು ಎಷ್ಟು ಖಾತ್ರಿಯಾಗಿತ್ತೆಂದರೆ ಅದರ ಸಾಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಮನೆ ಬದಲಿಸುವ ದಿನ ಬೆಳಿಗ್ಗೆ ಹೆಂಗಸರು ಮೂವರೂ ಹೊಸ ಮನೆ ಗುಡಿಸಿ ಒರೆಸಲೆಂದು ಮುಂದಾಗಿ ಹೋದರು. ಹೊರಗೆ ಲಾರಿ ಬಂದು ನಿಂತಿತ್ತು. ನನಗೆ ಆಫೀಸಿನಲ್ಲಿ ದಾಸ್ತಾನು ತಪಾಸಣೆ. ಮುಖಕ್ಕೆ ನೊರೆ ಹಚ್ಚಿಕೊಂಡು ಗಡ್ಡ ಕೆರೆಯುತ್ತಿರುವಾಗ ಫೋನ್ ಬಂತು.

"ರೀ, ಆ ಕಾಲು ಮುರಿದ ಇಸ್ತ್ರಿ ಮೇಜು ಪಟ್ಟೀಲಿ ಇಲ್ಲ! ಈಗ ನೆನಪಾಯ್ತು. ಅದೇನಾದ್ರೂ ಈ ಮನೆಗೆ ಬಂತೋ, ನಾನು ಈ ಮನೇಲಿರಲ್ಲ."

"ಹಾಗಾದ್ರೆ ಮತಕ್ಕೆ ಹಾಕಬೇಕು," ಎಂದೆ. ಕಾನೂನು ಕಾನೂನೇ.

"ಬೇಡ!" "ಬೇಡ!" "ಬೇಡ!" ಫೋನಿನಿಂದ ಮೂರು ದನಿ ಬಂದವು. ನನ್ನದೊಂದು ಸೇರಿಸಿ ನಾಲ್ಕು. ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಕನ್ನಡಕ ಹಾಕಿಕೊಂಡರೆ ನೊರೆ ಮೆತ್ತುವುದೆಂದು ಹಾಗೆಯೇ ಲ್ಯಾಪ್‌ಟಾಪ್ ತೆರೆದು, ಮುಚ್ಚಿದ ಕಾಲಮ್ಮುಗಳನ್ನು ಬಿಡಿಸಿ, ಹಾಲ್‌ನ ಸಾಮಾನಿನ ನಡುವೆ, ಟಿವಿ ಮೇಜಿನ ಕೆಳಗೆ, ಒರಗು ಕುರ್ಚಿಯ ಮೇಲೆ ಒಂದು ಹೊಸ ಸಾಲು ಸೇರಿಸಿದೆ. 'ಇಸ್ತ್ರಿ ಮೇಜು'. ನಾಲ್ಕು 'ಬೇಡ'. ಮತ್ತೆ ಕಾಲಮ್ಮು ಮುಚ್ಚಿ ಪ್ರಿಂಟ್ ತೆಗೆದೆ. ಕನ್ನಡಕವಿಲ್ಲದ ಕಣ್ಣಿಗೆ ಅಕ್ಷರಗಳು ಇರುವೆಗಳಂತೆ ಕಂಡವು. ಕೆಂಪು ಮಾತ್ರ ಕೆಂಪಾಗಿಯೇ ಕಂಡಿತು.

ಹಾಳೆಯನ್ನು ಲಾರಿಯ ಮೇಸ್ತ್ರಿಗೆ ಕೊಟ್ಟೆ. ಒಳ್ಳೆಯ ಮನುಷ್ಯ, ತೋಳಿನಷ್ಟು ದಪ್ಪ ಮೀಸೆ. "ಬಿಳಿಯೆಲ್ಲ ಹೊಸ ಮನೆಗೆ. ಕೆಂಪೆಲ್ಲ ನಿಮಗೇ, ಯಾರಿಗೆ ಬೇಕಾದ್ರೂ ಕೊಟ್ಟುಬಿಡಿ," ಎಂದೆ.

ತಪಾಸಣೆಯ ಮಧ್ಯೆ ಮೀಸೆ ಮೇಸ್ತ್ರಿಯ ಫೋನ್ ಬಂತು.

"ಸಾರ್, ಗ್ಯಾಸ್ ಒಲೆ ಕೆಂಪಲ್ಲಿದೆ. ಸರೀನಾ?"

ನಾನು ಒಂದು ಕ್ಷಣ ಯೋಚಿಸಿದೆ. ಹೊಸ ಮನೆಗೆ ಹೊಸ ಒಲೆ ಬೇಕೆಂಬ ಹೆಂಡತಿಯ ಗುಪ್ತ ಆಸೆ ಮತದಾನದಲ್ಲಿ ಹೊರಬಿದ್ದಿದೆ ಎಂದು ತೀರ್ಮಾನಿಸಿದೆ.

"ಒಲೆ ಅಂತ ನೋಡಬೇಡಿ ಮೇಸ್ತ್ರಿ, ಬಣ್ಣ ನೋಡಿ. ಕೆಂಪು ಅಂದ್ರೆ ಕೆಂಪು!"

"ಅಲ್ಲ ಸಾರ್, ಚಪ್ಪಲಿ ಸ್ಟ್ಯಾಂಡೂ, ಚಪ್ಪಲಿ ಸಮೇತ..."

"ಕೆಂಪು ಅಂದ್ರೆ?"

"ಕೆಂಪು ಸಾರ್. ಆದ್ರೆ ಇನ್ನೊಂದು, ಈ ಕುರ್ಚಿ..."

"ಕುರ್ಚಿ ವಿಷಯ ನಂಗೆ ಹೇಳಬೇಡಿ! ಇಲ್ಲಿ ಬೆಳಿಗ್ಗೆಯಿಂದ ಅದನ್ನೇ ಎಣಿಸ್ತಿದೀನಿ!" ಎಂದು ಫೋನ್ ಇಟ್ಟೆ. ಆ ಕ್ಷಣದಲ್ಲಿ ನನ್ನ ದನಿಯಲ್ಲಿದ್ದ ಗಾಂಭೀರ್ಯವನ್ನು ಮೆಚ್ಚಿ ಪಕ್ಕದ ಮೇಜಿನವರು ತಲೆಯಾಡಿಸಿದರು.

ಸಂಜೆ ಹೊಸ ಕಟ್ಟಡದ ಗೇಟಿಗೆ ಬಂದೆ. ಅಲ್ಲಿನ ಕಾವಲುಗಾರ ತಾತ ನನ್ನನ್ನು ಕಂಡವನೇ ಎದ್ದು ನಿಂತು ಎರಡೂ ಕೈ ಎತ್ತಿ, "ನೂರು ವರ್ಷ ಬಾಳಿ ಸಾರ್!" ಎಂದ. ಎಷ್ಟು ಸಂಸ್ಕಾರವಂತ ಎಂದುಕೊಂಡು ಮೂರು ಮಹಡಿ ಹತ್ತಿ ಬಾಗಿಲು ತಳ್ಳಿದೆ.

ಹಾಲ್‌ನ ನಟ್ಟನಡುವೆ ಕುದುರೆ ನಿಂತಿತ್ತು. ಎಲ್ಲ ಹಲ್ಲನ್ನೂ ಬಿಟ್ಟು ನನ್ನನ್ನೇ ನೋಡಿ ನಗುತ್ತಿತ್ತು. 'ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ' ಎಂಬ ಗಾದೆ ಬಾಯಿಗೆ ಬಂತು. ಆದರೆ ಹೊರಗೆ ಬರಲಿಲ್ಲ, ಏಕೆಂದರೆ ಹೆಂಡತಿ ಮಾತಾಡದೆ ನಿಂತಿದ್ದಳು. ಆಕೆ ಮಾತಾಡುವಾಗ ನನಗೆ ಭಯವಿಲ್ಲ.

"ಇದು ಬಾಣಲೆ," ಎಂದಳು ಕೊನೆಗೆ, ಹಿಡಿ ಇಲ್ಲದ ಬಾಣಲೆಯನ್ನು ಎತ್ತಿ ತೋರಿಸಿ. "ಇದನ್ನ ಯಾವುದರ ಮೇಲೆ ಇಡಲಿ? ನಿಮ್ಮ ತಲೆ ಮೇಲಾ?"

"ಒಲೆ... ನಿಂಗೇ ಬೇಡವಾಗಿತ್ತಲ್ಲ?"

"ಒಲೆ ಬೇಡ ಅಂತ ಯಾವ ಹೆಂಗಸು ಹೇಳ್ತಾಳೆ ರೀ!"

ಸುತ್ತ ನೋಡಿದೆ. ಹರಿದ ಛತ್ರಿಗಳ ಕಟ್ಟು ಬಂದಿತ್ತು. ಕಿಟಕಿಯ ಪರದೆಗಳು ಬಂದಿರಲಿಲ್ಲ. ಎದುರು ಕಟ್ಟಡದ ಜನ ತಮ್ಮ ತಮ್ಮ ಕಿಟಕಿಗಳಲ್ಲಿ ನಿಂತು ನಮ್ಮ ಸಂಸಾರವನ್ನು ಮೊದಲ ದೃಶ್ಯದಿಂದಲೇ ನೋಡುತ್ತಿದ್ದರು. ಕಾಲು ಮುರಿದ ಇಸ್ತ್ರಿ ಮೇಜು ಗೋಡೆಗೆ ಒರಗಿ ವಿರಮಿಸುತ್ತಿತ್ತು. ಮನೆಯವರಿಗೆಲ್ಲ ಸೇರಿ ಉಳಿದಿದ್ದ ಪಾದರಕ್ಷೆ ಎಂದರೆ ಕಾಲಲ್ಲಿ ಇದ್ದದ್ದಷ್ಟೇ. ಅತ್ತೆ ತಮ್ಮ ಖಾಲಿ ಪೆಟ್ಟಿಗೆಯ ಮೇಲೆ ಕಾಲು ಮಡಚಿ ಕೂತು ತಮಾಷೆ ನೋಡುತ್ತಿದ್ದರು. ಇದನ್ನೆಲ್ಲ ನಾನು ಹೇಗೋ ತಡೆದುಕೊಂಡೆ. ಆಮೇಲೆ ಇನ್ನೊಂದು ಸಲ ಸುತ್ತ ನೋಡಿದೆ.

"ನನ್ನ ಕುರ್ಚಿ ಎಲ್ಲಿ?"

ಮೂವರೂ ಕುದುರೆಯ ಕಡೆ ನೋಡಿದರು. ಮೂರು ಮಹಡಿ ಹತ್ತಿ ಬಂದವನು ನಾನು. ಕೂರೋಣವೆಂದರೆ ಕೂರಲು ಕುರ್ಚಿಯಿಲ್ಲ.

ಮಗಳು ಲ್ಯಾಪ್‌ಟಾಪನ್ನು ಕುದುರೆಯ ಬೆನ್ನ ಮೇಲಿಟ್ಟು (ಎತ್ತರ ಸರಿಯಾಗಿಯೇ ಇತ್ತು) ಹಾಳೆ ತೆರೆದಳು. ಎರಡು ಸಲ ಮೇಲೆ ಕೆಳಗೆ ನೋಡಿದಳು. ಮೂರನೇ ಸಲ ನೋಡುವಾಗ ನಗತೊಡಗಿದಳು.

"ಅಪ್ಪ, ಮೊದಲನೇ ಸಾಲಿನಲ್ಲಿ ಬರೀ ತಲೆಬರಹ ಇದೆ. ಸಾಮಾನು ಶುರುವಾಗೋದು ಎರಡನೇ ಸಾಲಿಂದ. ಬಣ್ಣಾನೂ ನೀನ್ ಎರಡನೇ ಸಾಲಿಂದಲೇ ಹಾಕಿದೀಯ. ಫಾರ್ಮುಲಾದಲ್ಲಿ ಮಾತ್ರ ಒಂದು ಅಂತ ಬರೆದಿದೀಯ. ಅದಕ್ಕೆ ಪ್ರತಿ ಸಾಲೂ ತನ್ನ ಮತ ಬಿಟ್ಟು, ತನ್ನ ಮೇಲಿನ ಸಾಲಿನ ಮತ ನೋಡ್ಕೊಂಡು ಕೆಂಪಾಗಿದೆ."

"ಅಂದ್ರೆ?" ಎಂದಳು ಹೆಂಡತಿ.

"ಅಂದ್ರೆ ಬಾಣಲೆ ಬೇಡ ಅಂದ್ವಿ, ಅದರ ಕೆಳಗಿದ್ದ ಒಲೆ ಹೋಯ್ತು. ಛತ್ರಿ ಬೇಡ ಅಂದ್ವಿ, ಪರದೆ ಹೋಯ್ತು. ಕುದುರೆ ಬೇಡ ಅಂದ್ವಿ, ಚಪ್ಪಲಿ ಸ್ಟ್ಯಾಂಡ್ ಹೋಯ್ತು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅನ್ನು," ಎಂದರು ಅತ್ತೆ. ಕಂಡೀಷನಲ್ ಫಾರ್ಮ್ಯಾಟಿಂಗ್‌ನ ಈ ತಪ್ಪನ್ನು ಇಷ್ಟು ಚೆನ್ನಾಗಿ ನಮ್ಮ ಮೇಡಂ ಕೂಡ ವಿವರಿಸಿರಲಾರರು. ವಿವರಿಸಿದ್ದರೂ ನಾನು ಕೇಳಿರಲಿಲ್ಲ.

"ನನ್ನ ಕುರ್ಚಿ?"

"ಅದರ ಮೇಲೆ ಇಸ್ತ್ರಿ ಮೇಜು ಸೇರಿಸಿದ್ಯಾರು?"

ನಾನೇ. ನನ್ನ ಕೈಯಾರೆ, ಮುಖಕ್ಕೆ ನೊರೆ ಹಚ್ಚಿಕೊಂಡು, ನನ್ನ ಸಿಂಹಾಸನದ ನೆತ್ತಿಯ ಮೇಲೆ ನಾಲ್ಕು 'ಬೇಡ' ತಂದು ಕೂರಿಸಿದ್ದೆ. ಅತ್ತ ಕುರ್ಚಿಯ ಕೆಳಗಿನ ಸಾಲಿನಲ್ಲಿ ನಿಂತಿದ್ದ ಕುದುರೆ ನನ್ನ ಕುರ್ಚಿಯ ಮತಗಳನ್ನೆಲ್ಲ ತಿಂದು ಆರಾಮಾಗಿ ಮೂರು ಮಹಡಿ ಹತ್ತಿ ಬಂದಿತ್ತು.

"ಅಪ್ಪ," ಎಂದಳು ಮಗಳು ಮತ್ತೆ, ನಿಧಾನವಾಗಿ. "ಫಾರ್ಮುಲಾದ ತುದೀಲಿ ಇದೇನಿದು, ಒರಗು ಕುರ್ಚಿಗೆ ಒಂದು ಬಾಲ?"

ನಾನು ಎದುರು ಕಟ್ಟಡದ ಕಡೆ ನೋಡತೊಡಗಿದೆ. ಮಗಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮುಚ್ಚಿದ್ದ ನಾಲ್ಕೂ ಕಾಲಮ್ಮನ್ನು ಬಿಡಿಸಿದಳು. ಗುಪ್ತ ಮತದಾನ ಅಲ್ಲಿಗೆ ಬಟ್ಟಂಬಯಲಾಯಿತು. ಒರಗು ಕುರ್ಚಿಯ ಸಾಲಿನಲ್ಲಿ ಮೊದಲನೆಯದು 'ಬೇಕು'. ಅದು ನನ್ನದು. ಎರಡನೆಯದು, ಹೆಂಡತಿಯದು: 'ಬೇಕು'. ಅತ್ತೆ: 'ಬೇಕು'. ಮಗಳು: 'ಬೇಕು'.

ನಾನು ಹೆಂಡತಿಯ ಕಡೆ ತಿರುಗಿದೆ. "ನೀನು... ಕುರ್ಚಿ ಬೇಕು ಅಂದ್ಯಾ?"

"ಮತ್ತೆ? ಅದರಲ್ಲಿ ಕೂತಾಗ ಮಾತ್ರ ನೀವು ಅರ್ಧ ಗಂಟೆ ಯಾರ ತಂಟೆಗೂ ಬರಲ್ಲ," ಎಂದಳು. ಆದರೆ ಹೇಳುವಾಗ ಆಕೆಯ ಮುಖ ಬೇರೆ ಕಡೆಗಿತ್ತು, ದನಿ ಮೆತ್ತಗಾಗಿತ್ತು. "ದಿನವಿಡೀ ಸೊಟ್ಟ ಕುರ್ಚೀಲಿ ಕೂತು ಬರ್ತೀರಿ. ಪಾಪ ಅನ್ನಿಸ್ತು."

"ಹೇಳಿದ್ರೆ ನಿಮ್ಮ ಕೊಂಬು ಇನ್ನೂ ಉದ್ದ ಆಗುತ್ತಲ್ಲ ಅಂತ ನಾನು ಮೆಲ್ಲಗೆ ಹೇಳಿ ಬರೆಸಿದೆ," ಎಂದರು ಅತ್ತೆ.

ಆಹಾ, ಅಲ್ಲಿಗೇ ಕಥೆ ಮುಗಿದಿದ್ದರೆ! ಆದರೆ ಕಾಲಮ್ಮುಗಳು ನಾಲ್ಕೂ ತೆರೆದಿದ್ದವು. ನನ್ನದೂ.

"ಹೊಲಿಗೆ ಮೆಷಿನ್," ಎಂದು ಹೆಂಡತಿ ಬೆರಳಿಟ್ಟು ಓದಿದಳು. "ಯಜಮಾನರು: ಬೇಡ."

"ಮರದ ಪೆಟ್ಟಿಗೆ, ಬೇಡ," ಎಂದರು ಅತ್ತೆ. ಓದಲು ಅವರಿಗೆ ಕನ್ನಡಕವೇ ಬೇಕಾಗಲಿಲ್ಲ.

"ಡ್ರಮ್ಮು, ಬೇಡ, ಮುಂದೆ ಮೂರು ಆಶ್ಚರ್ಯಸೂಚಕ," ಎಂದಳು ಮಗಳು.

ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಕುದುರೆ ಮೊದಲೇ ನನ್ನ ಕಡೆ ತಿರುಗಿತ್ತು. ನನ್ನ ಮುಖ ಆಗ ಯಾವ ಷರತ್ತೂ ಇಲ್ಲದೆ, ಯಾವ ಫಾರ್ಮುಲಾವೂ ಇಲ್ಲದೆ ಕಿವಿಯ ತನಕ ಕೆಂಪಾಯಿತು. ಅದನ್ನು ಮೊದಲು ಕಂಡವರು ಅತ್ತೆ. "ಕೆಂಪು ಅಂದ್ರೆ?" ಎಂದರು ಬೆರಳು ತೋರಿಸಿ. "ಕೆಂಪು!" ಎಂದಳು ಮೊಮ್ಮಗಳು. ಹೆಂಡತಿ ಬಾಣಲೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನನಗೂ ಅಂಟಿತು. ಎದುರು ಕಟ್ಟಡದವರೂ ನಕ್ಕರು. ಅವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ.

ಮೀಸೆ ಮೇಸ್ತ್ರಿಗೆ ಫೋನ್ ಮಾಡಿದೆ. ಒಲೆ, ಪರದೆ, ಚಪ್ಪಲಿಗಳೆಲ್ಲ ಇನ್ನೂ ಲಾರಿಯಲ್ಲೇ ಇವೆ, ಬೆಳಿಗ್ಗೆ ತಂದುಕೊಡುತ್ತೇನೆ ಎಂದ ಪುಣ್ಯಾತ್ಮ.

"ಮತ್ತೆ ಕುರ್ಚಿ?"

"ಅದನ್ನೇ ಹೇಳೋಕೆ ಬಂದೆ ಸಾರ್, ನೀವು ಫೋನ್ ಇಟ್ಟುಬಿಟ್ರಿ. ನಿಮ್ಮ ಗೇಟಿನ ತಾತ ಪೇಂಟ್ ಡಬ್ಬದ ಮೇಲೆ ಕೂತಿದ್ರು. ಯಾರಿಗೆ ಬೇಕಾದ್ರೂ ಕೊಡಿ ಅಂದಿದ್ರಲ್ಲ ಅಂತ ಅವರಿಗೆ ಕೊಟ್ಟೆ."

"ಹೋಗಿ ಕೇಳಿ ತನ್ನಿ," ಎಂದಳು ಹೆಂಡತಿ. "ಇದಕ್ಕೆ ಹಾಳೆ ಬೇಡ, ಕೈ ಎತ್ತೋಣ." ಮೂರು ಕೈಗಳು ಕುರ್ಚಿಗಾಗಿ ಮೇಲೆದ್ದವು. ಆ ಮೂರು ಕೈಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಇಳಿದು ಹೋದೆ. ಗೇಟಿನ ಪಕ್ಕದ ಗೂಡಿನೊಳಗೆ ನನ್ನ ಸಿಂಹಾಸನ. ಅದರೊಳಗೆ ತಾತ. ಕೈಯ ಹಲಗೆಯ ಮೇಲೆ ಚಹಾ ಲೋಟ, ಇನ್ನೊಂದರ ಮೇಲೆ ಸೀಟಿ. ಏಳಲು ಹೋಗಿ ಏಳಲಾಗದೆ, ಕೂತಲ್ಲಿಂದಲೇ ಕೈ ಮುಗಿದ.

"ಸಾರ್, ಎಷ್ಟೋ ವರ್ಷದಿಂದ ಬೆನ್ನು ಹಿಡ್ಕೊಂಡಿತ್ತು. ಇವತ್ತು ಮಧ್ಯಾಹ್ನ ಕೂತೆ ನೋಡಿ, ನೋವು ಎಲ್ಲಿ ಹೋಯ್ತೋ! ಮನೇಗೆ ಫೋನ್ ಮಾಡಿ ನಮ್ಮವಳಿಗೂ ಹೇಳಿದೆ. ನಿಮ್ಮ ಹೊಟ್ಟೆ ತಣ್ಣಗಿರಲಿ."

"ಅದು... ಏನಂದ್ರೆ ತಾತ..." ಎಂದೆ. "ಬಲಗಡೆ ಕಾಲು ಸ್ವಲ್ಪ ಸಡಿಲ. ಜಾಸ್ತಿ ಆ ಕಡೆ ವಾಲಬೇಡಿ."

ಮೇಲೆ ಬಂದು ನಡೆದದ್ದನ್ನು ಹೇಳಿದೆ. ಹೆಂಡತಿ ನನ್ನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಮದುವೆಯಾದ ಮೇಲೆ ನನಗೆ ಅಂಥ ನೋಟ ಸಿಕ್ಕಿದ್ದು ಅಪರೂಪ, ಆದ್ದರಿಂದ ಕುರ್ಚಿ ಕೈಬಿಟ್ಟು ಹೋಗಿದ್ದರೂ ಮುಖವನ್ನು ಉದಾರವಾಗಿಯೇ ಇಟ್ಟುಕೊಂಡಿದ್ದೆ.

ಹೊಸ ಮನೆಗೆ ನಾವು ಹೊಂದಿಕೊಂಡಿದ್ದೇವೆ. ಕುದುರೆಯ ವಿಷಯ ಮತ್ತೆ ಮತಕ್ಕೆ ಬಂದಾಗ ಅದರ ಉಳಿದ ಒಂದು ಕಿವಿಗೆ ಹೆಂಡತಿ ತನ್ನ ಕೈಚೀಲ ನೇತುಹಾಕುತ್ತಿದ್ದಳು, ಬೆನ್ನ ಮೇಲೆ ಮಗಳ ಲ್ಯಾಪ್‌ಟಾಪಿತ್ತು, ಬಾಲಕ್ಕೆ ಅತ್ತೆಯ ಟವೆಲ್. ಮೂರು 'ಬೇಕು', ಒಂದು 'ಬೇಡ'. ಈ ಸಲ ಫಾರ್ಮುಲಾ ಬರೆದವಳು ಮಗಳಾದ್ದರಿಂದ ತಪ್ಪಾಗುವ ಆಸೆಯೂ ಇರಲಿಲ್ಲ. ನನಗೆ ಕೂರಲು ಹೆಂಡತಿ ಹೊಸ ಕುರ್ಚಿ ತಂದುಕೊಟ್ಟಿದ್ದಾಳೆ, ನಮ್ಮ ಕಂಪನಿಯಿಂದಲೇ. ಪ್ಲಾಸ್ಟಿಕ್. ಕೆಂಪು.

ಆದರೆ ನನಗೂ ಒಂದು ದಾರಿ ಸಿಕ್ಕಿದೆ. ಸಂಜೆ ನಾನು ಆಫೀಸಿನಿಂದ ಬರುವ ಹೊತ್ತಿಗೆ ತಾತ ನೀರಿನ ಪಂಪ್ ಹಾಕಲು ಕಟ್ಟಡದ ಹಿಂದಕ್ಕೆ ಹೋಗಬೇಕು. "ಸಾರ್, ಸ್ವಲ್ಪ ಗೇಟ್ ನೋಡ್ಕೋತೀರಾ?" ಎನ್ನುತ್ತಾನೆ. ನಾನು ದೊಡ್ಡ ಉಪಕಾರ ಮಾಡುವವನಂತೆ ತಲೆಯಾಡಿಸಿ, ಅವನು ಮರೆಯಾದ ಕೂಡಲೇ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚುತ್ತೇನೆ.

ನಿನ್ನೆ ಹಾಗೆ ಕಣ್ಣು ಮುಚ್ಚಿದ್ದಾಗ ಕಾರಿನ ಹಾರ್ನ್ ಕೇಳಿತು. ಯಾರದೋ ಮನೆಗೆ ಬಂದ ಅತಿಥಿ. ಕಿಟಕಿ ಇಳಿಸಿ ಗದರಿಸಿದ. "ಏನಯ್ಯಾ, ಒಳ್ಳೇ ಕುರ್ಚಿ ಕೊಟ್ಟಿದಾರೆ ಅಂತ ಗೊರಕೆ ಹೊಡೀತೀಯಾ? ತೆಗಿ ಗೇಟು!"

ನಾನು ಯಾರು, ಯಾವ ಕಂಪನಿಯ ಯಾವ ವಿಭಾಗದವನು ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಎದ್ದು ಸಲಾಮು ಹೊಡೆದಿತ್ತು. ಮೇಲೆ ನೋಡಿದರೆ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಮೂರು ತಲೆಗಳು, ಅವುಗಳ ನಡುವೆ ಒಂದು ಕಿವಿಯ ನಾಲ್ಕನೆಯ ತಲೆ. ಎಲ್ಲವೂ ಹಲ್ಲು ಬಿಟ್ಟಿದ್ದವು.

"ಸೆಕ್ಯುರಿಟೀ!" ಎಂದು ಕೂಗಿದಳು ನನ್ನ ಹೆಂಡತಿ. "ಗೇಟ್ ತೆಗೆದು ಮೇಲೆ ಬನ್ನಿ, ಕಾಫಿ ಆರ್ತಿದೆ!"

"ಬಂದೆ ಮೇಡಂ!" ಎಂದೆ. ಎದ್ದೆ. ಅಂದರೆ, ಏಳಲು ನೋಡಿದೆ. ಆಗಲಿಲ್ಲ. ಇನ್ನೊಂದು ಸಲ ನೋಡಿದೆ, ಆಗಲೂ ಆಗಲಿಲ್ಲ. ಕಾರು ಹಾರ್ನ್ ಹೊಡೆಯುತ್ತಲೇ ಇತ್ತು. ಕೊನೆಗೆ ತಾತ ಓಡಿ ಬಂದು ಕೈ ಕೊಟ್ಟು ನನ್ನನ್ನು ಎಬ್ಬಿಸಬೇಕಾಯಿತು. ಬೆತ್ತ ಆಗಲೇ ತಾತನ ಅಚ್ಚು ತೆಗೆದುಕೊಂಡಿತ್ತು.